ಎಡಮುರಿ ಬಲಮುರಿ ಇದೆ

ಕಲ್ಲೂರಿನ ಸಿದ್ದೇಶನನ್ನು ಹೆಂಡತಿ ಬಿಟ್ಟು ಹೋಗಿರಲಿಲ್ಲ. ಹೋದವಳು ಬಂದಿರಲಿಲ್ಲ, ಅಷ್ಟೆ. ಈ ವ್ಯತ್ಯಾಸವನ್ನು ಅವನು ತುಂಬಿದ ಗಾಜಿನ ಲೋಟದ ಹಾಗೆ ಜೋಪಾನವಾಗಿ ಹಿಡಿದುಕೊಂಡು ಓಡಾಡುತ್ತಿದ್ದ.

ಸುಕನ್ಯಾ ಹೋದದ್ದು ಗುಂಡ್ಲುಪೇಟೆಗೆ, ಅಕ್ಕನ ಮನೆಗೆ. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಅವಳ ಹೊಲಿಗೆ ಅಂಗಡಿಯಲ್ಲಿ ಮದುವೆ ಕಾಲದ ರವಿಕೆಗಳು ಗುಡ್ಡೆ ಬಿದ್ದಿದ್ದವು. "ಎಲ್ಡು ವಾರ ಇದ್ದು ಬತ್ತೀನಿ" ಎಂದು ಬಸ್ಸು ಹತ್ತಿದಳು. ಅಕ್ಕನ ಕೈ ಕೂಡಿತು. ಆ ರವಿಕೆ ತೊಟ್ಟವರಿಗೆಲ್ಲ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ಅಂಗನವಾಡಿಗೆ ಹೋಗುವ ಹೊತ್ತಾಯಿತು. ಸುಕನ್ಯಾ ಬರಲಿಲ್ಲ. ಜಗಳವೇನಾದರೂ ಆಗಿದ್ದರೆ ರಾಜಿ ಮಾಡಿಸುವ ನೆಪದಲ್ಲಾದರೂ ನಾಲ್ಕು ಜನ ಮನೆಗೆ ಬರುತ್ತಿದ್ದರು, ಎರಡೂ ಕಡೆಯವರನ್ನು ಬೈದು, ಕಾಫಿ ಕುಡಿದು ಹೋಗುತ್ತಿದ್ದರು. ಜಗಳವೇ ಇಲ್ಲದ್ದರಿಂದ ಆ ಭಾಗ್ಯವೂ ಇರಲಿಲ್ಲ. ಮೊದಮೊದಲು ಯಾರಾದರೂ ಕೇಳಿದರೆ "ಬತ್ತಾಳೆ" ಎನ್ನುತ್ತಿದ್ದ. ಈಗ ಯಾರೂ ಕೇಳುತ್ತಿರಲಿಲ್ಲ. ಉತ್ತರ ಮಾತ್ರ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

ಮನೆ ಹೆದ್ದಾರಿಯ ಪಕ್ಕಕ್ಕೇ. ಒಳಗೆ ಹೊಕ್ಕರೆ ನಡುವೆ ಹಜಾರ, ಎಡಕ್ಕೊಂದು ಕೋಣೆ, ಬಲಕ್ಕೊಂದು ಕೋಣೆ, ಹಿಂದಕ್ಕೆ ಅಡಿಗೆಮನೆ. ಎಡದ ಕೋಣೆ ಸಿದ್ದೇಶನದು. ಅವನ ಗೊರಕೆ ತಡೆಯಲಾರದೆ ಸುಕನ್ಯಾ ಬಹಳ ಹಿಂದೆಯೇ ತನ್ನ ಹಾಸಿಗೆಯನ್ನು ಬಲದ ಕೋಣೆಗೆ, ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ ಸಾಗಿಸಿಕೊಂಡಿದ್ದಳು. ಅವಳು ಹೋದ ಮೇಲೆ ಆ ಬಾಗಿಲನ್ನು ಅವನು ವಾರಕ್ಕೊಮ್ಮೆ ತೆಗೆದು, ಕಸ ಗುಡಿಸಿ, ಮೆಷಿನ್ನಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಮತ್ತೆ ಮುಚ್ಚುತ್ತಿದ್ದ. ಬಂದವಳಿಗೆ 'ಧೂಳು' ಅನ್ನುವುದಕ್ಕೆ ಅವಕಾಶ ಇರಬಾರದು ಎನ್ನುವುದು ಅವನ ಲೆಕ್ಕಾಚಾರ.

ಮಾತಿನ ವಿಷಯದಲ್ಲಿ ಸಿದ್ದೇಶ ಮೊದಲಿನಿಂದಲೂ ಬಡವನೇ. ಗುಂಡ್ಲುಪೇಟೆ ಕಡೆಯಿಂದ ತರಕಾರಿ ಲಾರಿಯ ಮೇಲೆ ಕೂತು ಗಡಿ ದಾಟಿ ಮಲಯಾಳದ ನಾಡಿಗೆ ಬಂದ ಹುಡುಗ, ಬತ್ತೇರಿಯ ಒಂದು ಮಂಡಿಯಲ್ಲಿ ತೂಕ ಕೂಗುವ ಕೆಲಸಕ್ಕೆ ಸೇರಿದ್ದ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನ ಬಾಯಿಂದ ಬರುತ್ತಿದ್ದದ್ದು ಬರೀ ಅಂಕಿ: ಮೂವತ್ತೆಂಟು, ಮೂವತ್ತೆಂಟೂವರೆ, ಸೋರೆಕಾಯಿ ನಲವತ್ತು. ಮನೆಗೆ ಬರುವಷ್ಟರಲ್ಲಿ ಬಾಯಿ ಖಾಲಿಯಾಗಿರುತ್ತಿತ್ತು. "ಸಾರಿಗೆ ಏನ್ ಮಾಡ್ಲಿ?" ಎಂದರೆ "ಏನಾರಾ." "ಮಳೆ ಬತ್ತದಾ?" ಎಂದರೆ "ಬರಬೌದು." ಸುಕನ್ಯಾಳಿಗೆ ಮಲಯಾಳ ನಾಲಗೆಗೆ ಹತ್ತಲೇ ಇಲ್ಲ. ಅಕ್ಕಪಕ್ಕದವರ ಜೊತೆ ನಗುವುದಷ್ಟೇ. ಕನ್ನಡ ಬಲ್ಲ ಒಬ್ಬನೇ ಒಬ್ಬ ಗಂಡಸು ಮನೆಯಲ್ಲಿದ್ದ, ಅವನು ಹೀಗೆ. ಕೊನೆಗೆ ಮಂಡಿಗೆ ಡಿಜಿಟಲ್ ತಕ್ಕಡಿ ಬಂತು. ಅದು ಕೂಗದೆಯೇ ತೋರಿಸುತ್ತಿತ್ತು. ಸಿದ್ದೇಶ ನಾಲ್ಕು ಮೆಣಸಿನ ಬಳ್ಳಿ, ಒಂದಿಷ್ಟು ಕಾಫಿ ಗಿಡ ನೋಡಿಕೊಂಡು ಮನೆಯಲ್ಲಿ ಉಳಿದ. ಅಂಕಿಗಳೂ ನಿಂತುಹೋದವು.

ಬೇಲಿಯುದ್ದಕ್ಕೂ ಎಡಮುರಿ ಗಿಡಗಳಿದ್ದವು. ಆಳೆತ್ತರದ ಪೊದೆ. ನೀರು ಕೇಳದು, ಗೊಬ್ಬರ ಕೇಳದು. ಮಳೆಗಾಲದ ಕೊನೆಗೆ ಕೆಂಪು ಹೂ ಬಿಡುತ್ತದೆ, ಹೂ ಹಳತಾದಂತೆ ಬೂದುನೀಲಿಗೆ ತಿರುಗುತ್ತದೆ. ಆಮೇಲೆ ಕಾಯಿ. ಯಾರೋ ಐದು ಎಳೆ ಹಿಡಿದು ಹಗ್ಗ ಹೊಸೆಯುವುದಕ್ಕೆ ಕೂತು, ಬೆರಳುದ್ದ ಹೊಸೆದು, ಬೇಜಾರಾಗಿ ಎದ್ದುಹೋದ ಹಾಗಿರುವ ಕಾಯಿ. ಕೆಲವು ಎಡಕ್ಕೆ ಸುತ್ತಿಕೊಂಡಿರುತ್ತವೆ, ಕೆಲವು ಬಲಕ್ಕೆ. ಅದಕ್ಕೇ ಎಡಮುರಿ, ಬಲಮುರಿ ಎಂಬ ಹೆಸರು. ಬೇಸಗೆಗೆ ಎಲೆಯೆಲ್ಲ ಉದುರಿ, ಬರೀ ಕಡ್ಡಿಯ ಮೇಲೆ ಈ ತಿರುಚು ಕಾಯಿಗಳು ಕಂದು ಬಣ್ಣಕ್ಕೆ ಒಣಗಿ ನೇತಾಡುತ್ತವೆ. ಸಿದ್ದೇಶನ ತಾಯಿಯ ಊರಲ್ಲಿ ಇದನ್ನು ಸಾಣೆಕಲ್ಲಿನ ಮೇಲೆ ತೇದು ಹೊಟ್ಟೆನೋವಿಗೆ ಅಳುವ ಕೂಸಿಗೆ ನೆಕ್ಕಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವನು ಸಸಿ ತಂದು ನೆಟ್ಟ. ಅಳುವ ಕೂಸು ಆ ಮನೆಯಲ್ಲಿ ಹುಟ್ಟಲಿಲ್ಲ. ಗಿಡ ಬರೀ ಶೋಕಿಗೆ ನಿಂತಿತು.

ಸುಕನ್ಯಾಳಿಗೆ ಅದನ್ನು ಕಂಡರಾಗದು. "ಕಂಬ್ಳಿಹುಳ ಒಣಗಾಕ್ದಂಗದೆ. ಕಿತ್ತಾಕಿ, ದಾಸವಾಳ ಇಡಾಣ" ಎಂದು ಪ್ರತಿ ಬೇಸಗೆಯಲ್ಲೂ ಹೇಳುತ್ತಿದ್ದಳು. "ಇರ್ಲಿ" ಎನ್ನುತ್ತಿದ್ದ ಸಿದ್ದೇಶ.

ಆ ಮಕರ ಮಾಸದಲ್ಲಿ ಒಂದು ಕಾರು ಬೇಲಿಯ ಪಕ್ಕ ನಿಂತಿತು. ಇಳಿದವಳು ಆತಿರ, ರಿಸಾರ್ಟುಗಳ ಹಜಾರಗಳನ್ನು ಒಣ ಹೂವು, ಒಣ ಕಾಯಿಗಳಿಂದ ಸಿಂಗರಿಸುವ ಕೆಲಸದವಳು. ಬೋಳು ಗಿಡದ ಮುಂದೆ ಕೈ ಜೋಡಿಸಿಕೊಂಡು ನಿಂತುಬಿಟ್ಟಳು. "ಚೇಟಾ, ಇದನ್ನು ಯಾರು ಮಾಡಿದ್ದು?" ಎಂದು ಕೇಳಿದಳು. "ಗಿಡವೇ" ಎಂದ ಸಿದ್ದೇಶ. ಅವಳು ಒಂದು ಹೊರೆ ಕೊಂಬೆ ಕತ್ತರಿಸಿಕೊಂಡು, ಹೋಗುವಾಗ ಒಂದು ಸಲಹೆಯನ್ನೂ ಬಿಟ್ಟುಹೋದಳು: ಬೋರ್ಡು ಹಾಕಿ, ಜನ ನಿಲ್ಲುತ್ತಾರೆ.

ಜನ ನಿಲ್ಲುತ್ತಾರೆ ಎಂಬ ಮಾತು ಸಿದ್ದೇಶನ ತಲೆಯಲ್ಲಿ ನಿಂತುಬಿಟ್ಟಿತು. ಜನರಲ್ಲಿ ಗುಂಡ್ಲುಪೇಟೆ ಬಸ್ಸಿನವರೂ ಸೇರಿದರು. ಬಸ್ಸಿನಲ್ಲಿ ಯಾರಾದರೂ ಪರಿಚಯದವರಿದ್ದು, ಕನ್ನಡದ ಬೋರ್ಡು ನೋಡಿ, ಹೊಲಿಗೆ ಅಂಗಡಿಗೆ ಹೋಗಿ ಹೇಳಿದರೆ? 'ನಿನ್ ಗಂಡ ಏನೋ ಬೋರ್ಡ್ ಹಾಕವ್ನೆ' ಅಂದರೆ? ಅಷ್ಟು ಸುದ್ದಿ ಸಾಕು, ಒಂದು ಫೋನಾದರೂ ಬಂದೀತು.

ಬತ್ತೇರಿಯ ಬೋರ್ಡು ಬರೆಯುವ ಸುಧೀಷನಿಗೆ ಫೋನು ಮಾಡಿದ. ಒಂದು ಕಡೆ ಕನ್ನಡ, ಮೈಸೂರು ದಿಕ್ಕಿನಿಂದ ಬರುವವರಿಗೆ ಕಾಣುವ ಹಾಗೆ. ಇನ್ನೊಂದು ಕಡೆ ಮಲಯಾಳ, ಬತ್ತೇರಿಯಿಂದ ಹೋಗುವವರಿಗೆ. ಕನ್ನಡವನ್ನು ಹಾಳೆಯಲ್ಲಿ ತಾನೇ ಬರೆದು ಫೋಟೋ ಕಳಿಸಿದ. ಮಲಯಾಳವನ್ನು ಫೋನಿನಲ್ಲೇ ಹೇಳಿದ.

"ಎಡಮುರಿ ಬಲಮುರಿ ಇದೆ ಅಂತ ಹಾಕು."

"ಇಡಮುರಿ, ವಲಮುರಿ, ಉಂಡ್. ಶರಿ. ಬಣ್ಣ?"

"ಕಾಣೋ ಹಂಗೆ ಯಾವ್ದಾದ್ರೂ."

ಬೋರ್ಡು ಬಂತು. ಹಳದಿಯ ಮೇಲೆ ಕೆಂಪು, ದುಂಡಗೆ, ಆನೆಗೂ ಓದಲು ಬರುವ ಗಾತ್ರ. ಸಿದ್ದೇಶ ಎರಡೂ ಕಡೆ ಓದಿ ನೋಡಿದ. ಎರಡೂ ಸರಿಯಾಗಿದ್ದವು. ನಲವತ್ತು ವರ್ಷ ಮಲಯಾಳದಲ್ಲಿ ಬದುಕಿದವನಿಗೆ ಆ ಭಾಷೆಯಲ್ಲಿ ಮುರಿ ಎಂದರೆ ಕೋಣೆ ಎಂದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ತಾನೇ ಹೇಳಿ ಬರೆಸಿದ್ದನ್ನು ಓದುವಾಗ ಯಾರೂ ಅಕ್ಷರ ಓದುವುದಿಲ್ಲ, ತಮ್ಮ ಮನಸ್ಸನ್ನೇ ಓದಿಕೊಳ್ಳುತ್ತಾರೆ. ಅವನಿಗೆ ಅಲ್ಲಿ ಕಂಡದ್ದು ಕಾಯಿ.

ಮೂರನೆಯ ದಿನ ಸಂಜೆ ಕೋಳಿಕ್ಕೋಡಿನ ಕಾರೊಂದು ಬೋರ್ಡಿನ ಕೆಳಗೇ ನಿಂತಿತು. ಒಳಗೆ ಗಂಡ, ಹೆಂಡತಿ. ಮೈಸೂರಿಗೆ ಹೊರಟವರು, ಹೊತ್ತು ಮುಳುಗಿದ ಮೇಲೆ ಕಾಡು ದಾಟಲು ಹೆದರಿದವರು. ಗಂಡ ತಲೆ ಹೊರಗೆ ಹಾಕಿದ.

"ಚೇಟಾ, ಮುರಿ ಉಂಡೋ?"

ಸಿದ್ದೇಶನ ಎದೆ ಹಿಗ್ಗಿತು. ಆಮೇಲಿನ ಮಾತೆಲ್ಲ ಮಲಯಾಳದಲ್ಲೇ ನಡೆಯಿತು.

"ಇದೆ, ಇದೆ. ಎಡದ್ದು ಬೇಕೋ, ಬಲದ್ದೋ?"

"ಯಾವುದು ಒಳ್ಳೆಯದು?"

"ಒಳ್ಳೆಯದರಲ್ಲಿ ಎರಡೂ ಒಂದೇ. ತಿರುಗಿರುವ ದಿಕ್ಕು ಬೇರೆ ಬೇರೆ."

ಗಂಡ ಅದನ್ನು ವಾಸ್ತು ಎಂದುಕೊಂಡು ಗೌರವದಿಂದ ತಲೆದೂಗಿದ. "ಅಟಾಚ್ಡ್ ಆಣೋ?"

"ಕೊಂಬೆಗೆ ಅಂಟಿದ ಹಾಗೇ ಬೇಕೆಂದರೆ ಹಾಗೇ ಕೊಡ್ತೀನಿ. ಬಿಡಿಯಾಗಿ ಬೇಕೆಂದರೂ ಆಯ್ತು."

ಗಂಡನಿಗೆ ಇದು ಅರ್ಥವಾಗಲಿಲ್ಲ. ಹೆಂಡತಿ ಅವನ ಭುಜದ ಮೇಲಿಂದ ಬಗ್ಗಿ ಕೇಳಿದಳು: "ಬಿಸಿನೀರು ಸಿಗುತ್ತದಾ?"

"ಬಿಸಿನೀರು ಬೇಡಮ್ಮಾ. ತಣ್ಣೀರಲ್ಲೇ ಉಜ್ಜಿದರಾಯ್ತು. ಮಗುವಿಗೆ ಎಷ್ಟು ತಿಂಗಳು?"

ಹೆಂಡತಿಯ ಮುಖ ಎಡಮುರಿ ಹೂವಿನ ಬಣ್ಣಕ್ಕೆ ತಿರುಗಿತು. ಅವರ ಮದುವೆಯಾದದ್ದು ಹೋದ ಭಾನುವಾರ. ಗಂಡ ಗಂಟಲು ಸರಿಮಾಡಿಕೊಂಡು, ಮಾತನ್ನು ಸುರಕ್ಷಿತ ಜಾಗಕ್ಕೆ ತರಲು ನೋಡಿದ. "ಒಂದು ರಾತ್ರಿಗೆ ಏನು ಬಾಡಿಗೆ?"

"ರಾತ್ರಿಗಾ?" ಎಂದ ಸಿದ್ದೇಶ. "ಇದು ವರ್ಷಗಟ್ಟಲೆ..." ಅಷ್ಟರಲ್ಲಿ ಬಾಯಿ ನಿಂತಿತು. ಅವನು ನಿಧಾನವಾಗಿ ತಲೆಯೆತ್ತಿ ತನ್ನದೇ ಬೋರ್ಡನ್ನು, ಈ ಸಲ ಮಲಯಾಳದಲ್ಲಿ, ಓದಿದ.

ಕತ್ತಲೆ ಇಳಿಯುತ್ತಿತ್ತು. ಹೊಸ ಮದುವಣಗಿತ್ತಿ ಕಾಡಿನ ಕಡೆ ಹೆದರಿ ನೋಡುತ್ತಿದ್ದಳು. 'ಇಲ್ಲ, ಅದು ಕಾಯಿ' ಎಂದು ಹೇಳಬೇಕಾದ ಸಮಯ ಅದು. ಸಿದ್ದೇಶ "ಬನ್ನಿ" ಎಂದ. ಎಡದ ಕೋಣೆಯಿಂದ ತನ್ನ ಹಾಸಿಗೆ ಸುರುಳಿ ಸುತ್ತಿ ಹಜಾರಕ್ಕೆ ತಂದ, ಅವರಿಗೆ ಒಗೆದ ಜಮಖಾನ ಹಾಸಿದ, ಒಲೆ ಹಚ್ಚಿ ಹಂಡೆಯಲ್ಲಿ ನೀರು ಕಾಯಿಸಿದ. ಗಂಜಿ, ಕಾಯಿಚಟ್ನಿ ಮಾಡಿಕೊಟ್ಟ. ಮನೆಯೊಳಗೆ ತನ್ನದಲ್ಲದ ಕೆಮ್ಮು, ತನ್ನದಲ್ಲದ ಬಕೆಟ್ಟಿನ ಸದ್ದು. ಬೆಳಗ್ಗೆ ಎದ್ದಾಗ ಹೊಸಿಲ ಹೊರಗೆ ಬೇರೆಯವರ ಚಪ್ಪಲಿ ಎರಡು ಜೊತೆ ಇದ್ದವು. ಹಾಲಿಗೆ ಹೊರಟವನು ಒಂದರ ಮೇಲೊಂದು ಏರಿದ್ದನ್ನು ಬಿಡಿಸಿ ಸಾಲಾಗಿ ಇಟ್ಟ.

ಎದುರುಗಡೆ ಚಾಯದಂಗಡಿಯ ಕುಞ್ಞಿರಾಮನ್‌ಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿತ್ತು. ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ಅವನ ನಗು ಸುರುವಾಯಿತು.

"ಎಡಾ ಸಿದ್ದೇಶಾ, ಆ ಕಾಯಿಗೆ ನಮ್ಮಲ್ಲಿ ಇಡಂಪಿರಿ ವಲಂಪಿರಿ ಅಂತ ಪೇರು. ಪಿರಿ ಅಂದ್ರೆ ತಿರುಪು! ನೀನು ಪಿರಿ ತೆಗೆದು ಮುರಿ ಹಾಕಿದೆ."

"ಕನ್ನಡದಾಗೆ ಮುರಿನೇ."

"ಬೋರ್ಡ್ ಸರಿ ಮಾಡಬಹುದು. ನಿನ್ನ ತಲೆಯ ಪಿರಿ ಲೂಸಾಗಿದೆ, ಅದಕ್ಕೆ ಯಾರನ್ನ ಕರೆಯೋಣ?" ಚಾಯ ಎತ್ತರದಿಂದ ಹೊಯ್ದು ಕೇಳಿದ: "ಪಂಚಾಯತ್ತಿನವರು ಬಂದು ಲಾಡ್ಜಿಗೆ ಲೈಸನ್ಸ್ ಎಲ್ಲಿ ಅಂದ್ರೆ?"

"ಕನ್ನಡದ ಕಡೆ ತೋರುಸ್ತೀನಿ. ಕಾಯಿ ಬೋರ್ಡು ಅಂತೀನಿ."

"ನಾಳೆನೇ ಅಳಿಸು ಮೋನೇ."

"ಅಳುಸ್ತೀನಿ."

ಅಳಿಸಲಿಲ್ಲ. ಪ್ರತಿದಿನ ಬೆಳಗ್ಗೆ ಅಳಿಸಬೇಕು ಎನಿಸುತ್ತಿತ್ತು, ಸಂಜೆಯಾದಂತೆ ನಾಳೆ ನೋಡೋಣ ಎನಿಸುತ್ತಿತ್ತು. ವಾರಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದರು. ಸಿದ್ದೇಶ ಬಾಡಿಗೆ ಹೇಳುತ್ತಿರಲಿಲ್ಲ. ಅವರು ಬಿಟ್ಟುಹೋದದ್ದೇ ಬಾಡಿಗೆ. ಪ್ರತಿಯೊಬ್ಬರಿಗೂ ಹೊರಡುವಾಗ ಒಂದು ಕಾಯಿಕೊಂಬೆ ಕೊಡುತ್ತಿದ್ದ. ಬೋರ್ಡು ಸುಳ್ಳಾಗಬಾರದಲ್ಲ. ಗಂಜಿ ಬಡಿಸುತ್ತ ಮಾತೂ ಸುರುವಾಯಿತು. ಮಂಡಿಯ ಕತೆ, ತರಕಾರಿ ಲಾರಿಯನ್ನು ಆನೆ ಅಡ್ಡಗಟ್ಟಿ ಬರೀ ಸೌತೆ ಆರಿಸಿ ತಿಂದ ಕತೆ. ಜನ ನಕ್ಕರು. ತನ್ನ ಮಾತಿಗೆ ಜನ ನಗುತ್ತಾರೆ ಎಂಬುದು ಐವತ್ತೈದು ದಾಟಿದವನಿಗೆ ಹೊಸ ವಿಷಯ. ಒಬ್ಬನೇ ಇರುವಾಗಲೂ ಮುಂದೆ ಬರುವವರಿಗೆ ಹೇಳಬೇಕಾದದ್ದನ್ನು ಬೇಲಿಯ ಬಳಿ ನಿಂತು ಅಭ್ಯಾಸ ಮಾಡುತ್ತಿದ್ದ. ಗಿಡಗಳು ನಗುತ್ತಿರಲಿಲ್ಲ.

ಆದರೆ ಬಂದವರಿಗೆ ಬಲದ ಕೋಣೆಯ ಬಾಗಿಲು ತೆಗೆಯಲಿಲ್ಲ. ಒಮ್ಮೆ ಎರಡು ಸಂಸಾರ ಒಟ್ಟಿಗೆ ಬಂದವು. ಒಂದು ಸಂಸಾರವನ್ನು ಎಡಕ್ಕೆ ಹಾಕಿ, ಇನ್ನೊಂದರ ಯಜಮಾನನಿಗೆ ಕೈ ಮುಗಿದ. "ವಲಮುರಿ ಇಲ್ಲ."

"ಬೋರ್ಡಿಲ್ ಉಂಡಲ್ಲೋ!" ಬೋರ್ಡಿನಲ್ಲಿ ಇದೆಯಲ್ಲ ಎಂದು ಅವನ ತಕರಾರು.

"ಇದೆ. ಅದರಲ್ಲಿ ಒಬ್ಬರಿದ್ದಾರೆ."

"ಯಾರೂ ಕಾಣಿಸುತ್ತಿಲ್ಲ?"

"ಬತ್ತಾಳೆ" ಎಂದ ಸಿದ್ದೇಶ, ಮಲಯಾಳ ಮರೆತು.

ಆ ಸಂಸಾರ ಗೊಣಗಿಕೊಂಡು ಬತ್ತೇರಿಗೆ ಹಿಂದಿರುಗಿತು.

ಸುದ್ದಿ ಕೊನೆಗೂ ಗುಂಡ್ಲುಪೇಟೆ ಮುಟ್ಟಿತು. ಅವನು ಅಂದುಕೊಂಡ ದಾರಿಯಲ್ಲಿ ಅಲ್ಲ. ರವಿಕೆ ಹೊಲಿಸಲು ಬಂದ ಯಾರದೋ ಲಾರಿ ಓಡಿಸುವ ತಮ್ಮ ಹೇಳಿದ್ದಂತೆ. ಫೋನು ಬಂದಾಗ ಸಿದ್ದೇಶ ಹಂಡೆ ತೊಳೆಯುತ್ತಿದ್ದ.

"ಏನ್ರೀ, ಲಾಡ್ಜ್ ಮಡಗಿದ್ದೀರಂತೆ?"

"ಲಾಡ್ಜಲ್ಲ ಕಣೆ. ಕಾಯಿ..."

"ಕಾಯಿನೋ ಕರ್ಮವೋ. ನನ್ ಕ್ವಾಣೆಲೂ ಮಂದಿ ಮನಿಕ್ಕತಾರಂತೆ?"

"ಇಲ್ಲ! ದೇವ್ರಾಣೆ ಇಲ್ಲ. ನಿನ್ ಕ್ವಾಣೆ ಹಂಗೇ ಮಡಗಿವ್ನಿ."

ಆ ಕಡೆ ಮೆಷಿನ್ನುಗಳ ಕಟಕಟ ಕೇಳಿಸಿತು.

"ಹಂಗೇ ಯಾಕ್ ಮಡಗಿದ್ದೀರಿ?" ಎಂದಳು. ಅವನು ಉತ್ತರ ಹುಡುಕುವಷ್ಟರಲ್ಲಿ, "ಭಾನ್ವಾರ ಬತ್ತೀನಿ. ಆ ಮೆಷಿನ್ ಬೇಕಾಗದೆ ಅಂಗ್ಡಿಗೆ" ಎಂದು ಇಟ್ಟುಬಿಟ್ಟಳು.

'ಬತ್ತೀನಿ' ಎಂಬುದನ್ನು ಸಿದ್ದೇಶ ಪೂರ್ತಿ ಕೇಳಿಸಿಕೊಂಡ. ಮೆಷಿನ್ನಿನ ಮಾತನ್ನು ಅರ್ಧ. ಅಷ್ಟು ದೂರದಿಂದ ಹಳೇ ಮೆಷಿನ್ನಿಗಾಗಿ ಯಾರಾದರೂ ಬರುತ್ತಾರೆಯೇ? ಗುಂಡ್ಲುಪೇಟೆಯಲ್ಲಿ ಮೆಷಿನ್ನಿಗೇನು ಬರಗಾಲವೇ? ಅದು ನೆಪ. ಗಂಡಸಾದವನು ಇಷ್ಟು ಅರ್ಥಮಾಡಿಕೊಳ್ಳದಿದ್ದರೆ ಹೇಗೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಶನಿವಾರ ಕುಞ್ಞಿರಾಮನ್‌ನ ಕನ್ನಡಿಯಲ್ಲಿ ಗಡ್ಡ ಹೆರೆದುಕೊಂಡ. ಬಲದ ಕೋಣೆಯ ಕಿಟಕಿ ತೆಗೆದ, ದಿಂಬಿಗೆ ಬಿಸಿಲು ತೋರಿಸಿದ.

ಭಾನುವಾರ ಬೆಳಗಿನ ಬಸ್ಸಿನಿಂದ ಸುಕನ್ಯಾ ಇಳಿದಳು. ಕೂದಲು ಸ್ವಲ್ಪ ನೆರೆತಿತ್ತು, ಮೈ ಕೈ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು. ಒಳಗೆ ಬರದೆ ಬೋರ್ಡಿನ ಮುಂದೆ ನಿಂತು ಕನ್ನಡದ ಕಡೆ ಜೋರಾಗಿ ಓದಿದಳು.

"ಎಡಮುರಿ ಬಲಮುರಿ ಇದೆ. ಅಲ್ಲಾ ಕಣ್ರೀ, ಇದುನ್ನ ನೋಡಿ ಜನ ಬಂದು ಮನಿಕ್ಕತಾರಾ?"

ಸಿದ್ದೇಶ ಇನ್ನೊಂದು ಕಡೆಯ ಕತೆ ಹೇಳಿದ. ಬಿಸಿನೀರು, ತಣ್ಣೀರು, ಮಗುವಿಗೆಷ್ಟು ತಿಂಗಳು, ಎಲ್ಲ. ಅಭ್ಯಾಸವಾಗಿತ್ತಲ್ಲ, ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣು ಬಿಡಬೇಕು ಗೊತ್ತಿತ್ತು. ಸುಕನ್ಯಾ ಬೇಲಿಯ ಗೂಟ ಹಿಡಿದುಕೊಂಡು ನಕ್ಕಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಈ ಮನೆಯ ಅಂಗಳದಲ್ಲಿ ಅವಳು ಹಾಗೆ ನಕ್ಕದ್ದು ಅವನಿಗೆ ನೆನಪಿರಲಿಲ್ಲ.

ಅವನೇ ಮಾಡಿದ ಮುದ್ದೆ, ಹುರುಳಿಸಾರು ಉಂಡರು. ಅವನು ಆನೆಯ ಕತೆಯನ್ನೂ ಹೇಳಿದ. ಹೇಳುತ್ತ ಹೇಳುತ್ತ ನೋಡಿದರೆ ಅವಳು ನಗುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

"ಚೆನ್ನಾಗಿ ಮಾತಾಡ್ತೀರಲ್ಲ ಈಗ."

"ಏನೋ, ಬಂದೋರ ಜೊತೆ..."

"ಇಷ್ಟು ಮಾತು ಆಗ ಎಲ್ಲಿ ಮಡಗಿದ್ರಿ?"

ಸಿದ್ದೇಶ ಸಾರಿನ ಸೌಟನ್ನು ಪಾತ್ರೆಯಲ್ಲಿ ಸುಮ್ಮನೆ ತಿರುಗಿಸಿದ. ಬಂದವರಿಗೆಲ್ಲ ಉತ್ತರವಿದ್ದ ಬಾಯಿ ಇಲ್ಲಿ ಮತ್ತೆ ಮಂಡಿಯಿಂದ ಬಂದ ಬಾಯಾಯಿತು.

ಊಟದ ಮೇಲೆ ಅವಳು ಬೇಲಿಯ ಹತ್ತಿರ ಹೋಗಿ ನಿಂತಳು. ಎಲೆಯಿಲ್ಲದ ಕಡ್ಡಿಗಳ ಮೇಲೆ ಕಾಯಿಗಳು ಒಣಗಿ, ಕೆಲವು ಹೊಸೆದ ಎಳೆ ಸಡಿಲವಾಗಿ ಬಾಯಿ ಬಿಡುತ್ತಿದ್ದವು. ಒಂದನ್ನು ಮುಟ್ಟಿ ನೋಡಿದಳು. ಸಿದ್ದೇಶ ಹಿಂದೆ ಬಂದು, ಈಗ ಹೇಳದಿದ್ದರೆ ಇನ್ನು ಯಾವಾಗ ಎಂದು ಧೈರ್ಯ ತಂದುಕೊಂಡು ಬಾಯಿ ಬಿಟ್ಟ.

"ಕೂಸಾದ್ರೆ ಬೇಕಾಯ್ತದೆ ಅಂತ ನೆಟ್ಟಿದ್ದು ಕಣೆ."

"ಗೊತ್ತು" ಎಂದಳು ಸುಕನ್ಯಾ. "ನಂಗೆ ಗೊತ್ತಿರ್ಲಿಲ್ಲ ಅನ್ಕೊಂಡಿದ್ರಾ? ನೀವು ಒಂದಿನನೂ ಬಾಯಿ ಬಿಟ್ಟು ಅನ್ನಲಿಲ್ಲ. ಈ ಗಿಡ ವರ್ಸ ವರ್ಸ ಅಂತಿತ್ತು. ಅದುಕ್ಕೇ ಕಿತ್ತಾಕಿ ಅಂತಿದ್ದೆ."

"ಹೇಳಬೌದಿತ್ತಲ್ಲ."

"ಹೇಳ್ದೆನಲ್ಲ. ಕಂಬ್ಳಿಹುಳ ಅಂದೆ. ಅದುಕ್ಕಿಂತ ಇನ್ನೆಂಗೆ ಹೇಳದು?"

ಅವನು 'ಇರ್ಲಿ' ಎಂದು ಎಷ್ಟು ಬೇಸಗೆ ಹೇಳಿದ್ದ ಎಂದು ನೆನೆಯಲು ಹೋಗಿ ಬಿಟ್ಟುಬಿಟ್ಟ. "ಈಗ ಕೀಳ್ತೀನಿ. ಈಗ್ಲೇ ಕೀಳ್ತೀನಿ. ದಾಸವಾಳ ಇಡಾಣ" ಎಂದ.

"ಈಗ್ಯಾಕೆ? ಈಗ ನೋಡಕೆ ಚೆನ್ನಾಗೇ ಅವೆ."

ಆ ಮಾತು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಸಿದ್ದೇಶ ನಿಂತಿರುವಾಗಲೇ, ಬತ್ತೇರಿ ಕಡೆಯಿಂದ ಬಂದ ದೊಡ್ಡ ಜೀಪು ಬೋರ್ಡಿನ ಕೆಳಗೆ ನಿಂತಿತು. ಅಣ್ಣ, ತಮ್ಮ, ಅವರ ಹೆಂಡಂದಿರು, ಒಬ್ಬಳು ಅಜ್ಜಿ. ಅಜ್ಜಿಗೆ ದಾರಿಯುದ್ದಕ್ಕೂ ವಾಂತಿ, ಇನ್ನು ಕೂರಲಾರಳು.

"ಚೇಟಾ, ಮುರಿ ಉಂಡೋ? ಎರಡು ಬೇಕಿತ್ತು."

"ಒಂದೇ ಇರೋದು. ಎಡದ್ದು" ಎಂದ ಸಿದ್ದೇಶ ಮಲಯಾಳದಲ್ಲಿ.

"ಏನಂತೆ?" ಎಂದಳು ಸುಕನ್ಯಾ.

ಎರಡೂ ಭಾಷೆ ಗೊತ್ತಿದ್ದವನು ಅಲ್ಲಿ ಅವನೊಬ್ಬನೇ. ಏನು ಹೇಳಿದರೂ ನಡೆಯುತ್ತಿತ್ತು. "ಕಾಯಿ ಬೇಕಂತೆ" ಎಂದ.

ಅಜ್ಜಿ ಜೀಪಿನ ಬಾಗಿಲಿಗೆ ಒರಗಿ ನಿಂತಿದ್ದಳು. ಕಿರಿಯ ಸೊಸೆ ತೆರೆದ ಮನೆಬಾಗಿಲೊಳಗೆ ಇಣುಕಿ ಬಲಗಡೆಗೆ ಕೈ ತೋರಿಸಿದಳು. ಗಾಳಿಗೆಂದು ತೆಗೆದಿಟ್ಟ ಬಾಗಿಲು, ಬಿಸಿಲು ತಿಂದು ಉಬ್ಬಿದ ದಿಂಬು, ಎಲ್ಲ ಅಲ್ಲಿಂದಲೇ ಕಾಣುತ್ತಿತ್ತು. "ಆ ಮುರಿ?"

ಮುರಿ ಎಂದರೇನು ಎಂದು ಸುಕನ್ಯಾ ಆ ಬೆಳಗ್ಗೆಯಷ್ಟೇ ನಕ್ಕು ನಕ್ಕು ಕಲಿತಿದ್ದಳು. ಸಿದ್ದೇಶನ ಮುಖ ನೋಡಿದಳು. ಮತ್ತೆ ಏನೂ ಕೇಳದೆ ಒಳಗೆ ಹೋದಳು. ಪೆಟ್ಟಿಗೆ ಎಳೆದ ಸದ್ದಾಯಿತು. ಗೋಡೆಯ ಮೊಳೆಯಲ್ಲಿದ್ದ ಹಳೇ ಸೀರೆ ತೆಗೆದಳು, ಹಾಸಿಗೆ ಕೊಡವಿ ಬಿಡಿಸಿದಳು, ಮೆಷಿನ್ನಿನ ತಲೆಯನ್ನು ಮೇಜಿನಿಂದ ಬಿಚ್ಚಿ ಗೋಣಿಚೀಲಕ್ಕೆ ಇಳಿಸಿದಳು. ಹೊರಗೆ ಬಂದು ಅಜ್ಜಿಯ ತೋಳು ಹಿಡಿದು, ನಲವತ್ತು ಸಲ ಹೇಳಿಸಿಕೊಂಡರೂ ಬಾರದಿದ್ದ ಭಾಷೆಯನ್ನೂ ಬೆರೆಸಿ ಹೇಳಿದಳು:

"ಬನ್ನಿ. ವಲಮುರಿ ಉಂಡ್."

ಅಜ್ಜಿಯನ್ನು ಒಳಗೆ ಕೂರಿಸಿ ಅವಳು ಬಸ್ಸಿಗೆ ಹೊರಟಳು, ಸಿದ್ದೇಶ ಗೋಣಿಚೀಲ ಹೊತ್ತು ಹಿಂದೆ ನಡೆದ. ಕಬ್ಬಿಣದ ತೂಕ. ಇಷ್ಟು ವರ್ಷ ತೂಕ ಕೂಗಿದವನು ಒಂದು ಸಂಖ್ಯೆಯನ್ನೂ ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಸುಕನ್ಯಾ, "ಆ ಅಜ್ಜಿಗೆ ಶುಂಠಿ ಕಷಾಯ ಮಾಡ್ಕೊಡಿ" ಎಂದಳು. ಆಮೇಲೆ, "ನಂಗೆ ಅಲ್ಲಿ ದಿನಾ ಮಾತಾಡಕೆ ಹತ್ತು ಜನ ಅವ್ರೆ ಕಣ್ರೀ. ನಿಮ್ಮೇಲೆ ಕ್ವಾಪ ಏನಿಲ್ಲ" ಎಂದಳು. ಕೋಪವಿದ್ದಿದ್ದರೆ ಇಳಿಯುವುದನ್ನು ಕಾಯಬಹುದಿತ್ತು ಎಂದು ಸಿದ್ದೇಶನಿಗೆ ಅನ್ನಿಸಿತು. ಬಸ್ಸು ಬಂತು. ಮೆಷಿನ್ನನ್ನು ಸೀಟಿನ ಕೆಳಗೆ ತಳ್ಳಿ ಇಳಿಯುವಾಗ ಸೊಂಟ ಹಿಡಿದುಕೊಂಡಿತು.

ಮನೆಗೆ ಬಂದಾಗ ಹೊಸಿಲ ತುಂಬ ಚಪ್ಪಲಿ. ಎಡದ ಕೋಣೆಯಲ್ಲಿ ಅಣ್ಣ ತಮ್ಮಂದಿರ ಹರಟೆ, ಬಲದ ಕೋಣೆಯಲ್ಲಿ ಹೆಂಗಸರು. ಅವನು ಕಷಾಯ ಕುದಿಸಿ ಕೊಟ್ಟ. ಅಜ್ಜಿ ಸುಕನ್ಯಾಳ ಹಾಸಿಗೆಯ ಮೇಲೆ ಕೂತು ಕುಡಿದು ಮುಗಿಸಿ, ಹಜಾರದಲ್ಲಿ ಚಾಪೆ ಬಿಡಿಸುತ್ತಿದ್ದವನನ್ನು ನೋಡಿ ಕನಿಕರಪಟ್ಟಳು.

"ಮೋನೇ, ಎರಡನ್ನೂ ನಮಗೆ ಕೊಟ್ಟೆಯಲ್ಲ. ನಿನ್ನ ಮುರಿ ಯಾವುದು?"

ಸಿದ್ದೇಶ ನಡು ಹಿಡಿದುಕೊಂಡು ನೆಟ್ಟಗಾಗಲು ನೋಡಿದ, ಆಗಲಿಲ್ಲ.

"ನಡುಮುರಿ" ಎಂದ.

ನಡುವಿನ ಕೋಣೆ. ಮಲಯಾಳದಲ್ಲಿ ಸರಿಯಾದ ಉತ್ತರವೇ. ಅಜ್ಜಿ ಸಮಾಧಾನದಿಂದ ತಲೆಯಾಡಿಸಿ ಬಾಗಿಲು ಮುಂದೆ ಮಾಡಿಕೊಂಡಳು. ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡು 'ಅಯ್ಯೋ' ಅನ್ನಲು ಇದ್ದೊಬ್ಬಳು ಆ ಹೊತ್ತಿಗೆ ಮುತ್ತಂಗದ ಕಾಡು ದಾಟಿದ್ದಳು.